13 ವರ್ಷದ ಬೆಕ್ಕಿಗೆ ಕಿಡ್ನಿ ತೊಂದರೆ. ಊರಲ್ಲಿ ಅಮ್ಮನೇ ಡ್ರಿಪ್ ಕೊಡಬಹುದಾ?

ಘಟ್ಟದ_ಹುಡುಗಿ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಸಿರಸಿ ಹತ್ತಿರದ ಹಳ್ಳಿ. ನಾನು ಕೆಲಸಕ್ಕೆ ಬೆಂಗಳೂರಿನಲ್ಲಿದ್ದೇನೆ. ಊರಲ್ಲಿ ಅಪ್ಪ, ಅಮ್ಮ ಮತ್ತು ಮಾಣಿ. ಮಾಣಿ ಅಂದರೆ ಬೆಕ್ಕು. ಗಂಡು, ಆಪರೇಷನ್ ಆಗಿದೆ, 13 ವರ್ಷ. ಅಪ್ಪನಿಗೆ ನನಗಿಂತ ಅವನ ಮೇಲೇ ಪ್ರೀತಿ ಜಾಸ್ತಿ, ಇದು ಊರಿಗೆಲ್ಲ ಗೊತ್ತಿರುವ ವಿಷಯ.

ಮಳೆಗಾಲ ಮುಗಿದ ಮೇಲಿಂದ ಅವನು ಬಚ್ಚಲಲ್ಲಿ ಬಕೆಟ್‌ಗೆ ತಲೆ ಹಾಕಿ ನೀರು ಕುಡಿಯುತ್ತಲೇ ಇದ್ದ. ಸೆಕೆಗೆ ಅಂದುಕೊಂಡರು. ಆಮೇಲೆ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದುಹೋದ, ಬೆಳಿಗ್ಗೆ ಬೆಳಿಗ್ಗೆ ನೊರೆ ವಾಂತಿ. ಮೊದಲು ತೋರಿಸಿದ ಡಾಕ್ಟರು ಒಳ್ಳೆಯವರೇ, ಆದರೆ ದನ ನೋಡುವವರು, "ವಯಸ್ಸಾಯ್ತಲ್ಲ, ಹಾಲನ್ನ ಹಾಕ್ತಾ ಇರಿ" ಅಂದುಬಿಟ್ಟರು. ನಾನು ರಜೆ ಹಾಕಿ ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) 3.4, ರಂಜಕ (ಫಾಸ್ಫರಸ್) 6.1, ಪೊಟ್ಯಾಸಿಯಂ ನಾರ್ಮಲ್‌ನ ಕೆಳಗಿನ ಅಂಚಿನಲ್ಲಿದೆ. ತೂಕ ಮೂರೂವರೆ ಕೇಜಿ. ಕಿಡ್ನಿ ಕಾಯಿಲೆ, ಮೂರನೇ ಹಂತ ಅಂದರು. ವಾಸಿ ಆಗುವುದಿಲ್ಲ, ನೋಡಿಕೊಂಡು ಹೋಗಬೇಕು.

ದಿನ ಬಿಟ್ಟು ದಿನ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ನೀರು) 100 ಎಂಎಲ್ ಚರ್ಮದ ಕೆಳಗೆ ಕೊಡಬೇಕಂತೆ. ಕಿಡ್ನಿ ಬೆಕ್ಕುಗಳಿಗೆ ಅಂತ ಬರುವ ಬೇರೆ ಫುಡ್ ಬರೆದುಕೊಟ್ಟಿದ್ದಾರೆ, ರಂಜಕ ಕಡಿಮೆ ಮಾಡುವ ಒಂದು ಪುಡಿಯೂ ಇದೆ. ಈಗ ನನ್ನ ತಲೆನೋವು ಕೇಳಿ. ಅಮ್ಮನಿಗೆ ಸೂಜಿ ಕಂಡರೆ ಕೈ ನಡುಗುತ್ತದೆ. ಅಪ್ಪ "ಅವನಿಗೆ ನೋವಾಗುತ್ತೆ, ನಾನು ನೋಡಲ್ಲ" ಅಂತ ತೋಟಕ್ಕೆ ಎದ್ದು ಹೋಗುತ್ತಾರೆ. ಹೊಸ ಫುಡ್ ಮೂಸಿ ನೋಡಿ ಮಣ್ಣು ಮುಚ್ಚುವ ಹಾಗೆ ಕಾಲಿನಲ್ಲಿ ಕೆರೆದು ಮಾಣಿ ಎದ್ದು ಬರುತ್ತಾನೆ. ಮನೆಯಲ್ಲಿ ಮೀನು ಮಾಂಸ ಇಲ್ಲ, ಇಷ್ಟು ದಿನ ಅಂಗಡಿಯ ಒಣ ಫುಡ್, ಹಾಲನ್ನ, ಮತ್ತೆ ಅವನೇ ಹಿಡಿದುಕೊಂಡ ಇಲಿ. ಕಿಡ್ನಿಗೆ ಪ್ರೋಟೀನ್ ಕಮ್ಮಿ ಇರಬೇಕಾದರೆ ಮೊಸರನ್ನವೇ ಒಳ್ಳೆಯದಲ್ವಾ ಅಂತ ಚಿಕ್ಕಮ್ಮ ಹೇಳುತ್ತಿದ್ದಾರೆ. ಹೌದಾ?

ಇನ್ನೊಂದು, ಅವನನ್ನು ಬೆಂಗಳೂರಿಗೆ ನನ್ನ ಹತ್ತಿರ ತಂದುಬಿಡಲಾ? ಎರಡನೇ ಮಹಡಿಯ ಒಂದು ರೂಮಿನ ಮನೆ. ಅವನು ಹುಟ್ಟಿದಾಗಿನಿಂದ ಅಡಿಕೆ ತೋಟದಲ್ಲಿ ಓಡಾಡಿದವನು.

ಮೂರು_ಬೆಕ್ಕಿನ_ಮನೆ

ಅಕ್ಕಾ, ಡ್ರಿಪ್ ವಿಷಯ ಮಾತ್ರ ನಾನು ಹೇಳುತ್ತೇನೆ, ಉಳಿದಿದ್ದನ್ನು ಗೊತ್ತಿರುವವರು ಹೇಳಲಿ. ನಾವು ಮೈಸೂರು. ನಮ್ಮ ಹೆಣ್ಣು ಬೆಕ್ಕಿಗೆ ಇದೇ ತೊಂದರೆ, ಮನೆಯಲ್ಲೇ ಕೊಡುತ್ತೇವೆ, ಮಾಡುವವರು ನಮ್ಮ ಅತ್ತೆ. ಅವರ ವಯಸ್ಸು ಎಪ್ಪತ್ತರ ಹತ್ತಿರ. ಹಾಗಾಗಿ ಅಮ್ಮನಿಗೆ ಆಗಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ.

ಇದು ನರಕ್ಕೆ ಚುಚ್ಚುವುದಲ್ಲ. ಇದನ್ನು ಅಮ್ಮನಿಗೆ ಮೊದಲು ಹೇಳಿ. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಗ್ಲೂಕೋಸ್ ಏರಿಸುವುದನ್ನು ನೋಡಿ ಎಲ್ಲರಿಗೂ ಹೆದರಿಕೆ. ಬೆಕ್ಕಿಗೆ ಭುಜದ ಮೇಲೆ ಚರ್ಮ ಸಡಿಲ ಇರುತ್ತದಲ್ಲ, ತಾಯಿ ಬೆಕ್ಕು ಮರಿ ಕಚ್ಚಿ ಎತ್ತುವ ಜಾಗದಿಂದ ಸ್ವಲ್ಪ ಕೆಳಗೆ, ಅಲ್ಲಿ ಎಡಗೈಯಲ್ಲಿ ಚರ್ಮ ಎತ್ತಿದರೆ ಒಂದು ಗುಳಿ ಆಗುತ್ತದೆ. ಸೂಜಿ ಆ ಗುಳಿಗೆ ಹೋಗಬೇಕು, ಅಷ್ಟೇ. ಆಳಕ್ಕೆ ಹೋಗುವುದು ಬೇಡ. ಆ ಕಡೆಯ ಚರ್ಮದಿಂದ ಹೊರಗೆ ಬಂದರೆ ಬೆಕ್ಕಿನ ಕೂದಲು ಒದ್ದೆ ಆಗುತ್ತದೆ, ನಿಮ್ಮ ಸೀರೆಯೂ ಒದ್ದೆ ಆಗುತ್ತದೆ. ನಕ್ಕು ಇನ್ನೊಂದು ಸಲ ಹಾಕಿ. ಏನೂ ಅನಾಹುತ ಆಗಲ್ಲ.

ಬಾಟಲಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿದರೆ ತಣ್ಣಗೂ ಅನ್ನಿಸಬಾರದು ಬಿಸಿಯೂ ಅನ್ನಿಸಬಾರದು. ತಣ್ಣಗಿನದು ಹೋದರೆ ಬೆಕ್ಕು ಎದ್ದು ಓಡುತ್ತದೆ, ಸೂಜಿಗಿಂತ ಜಾಸ್ತಿ ಅದಕ್ಕೇ ಓಡುತ್ತದೆ ಅಂತ ನನ್ನ ಅನುಮಾನ. ಕಿಟಕಿ ಸರಳಿಗೋ ಗೋಡೆಯ ಮೊಳೆಗೋ ಎತ್ತರಕ್ಕೆ ನೇತುಹಾಕಿ. ಎತ್ತರ ಇದ್ದಷ್ಟೂ ಬೇಗ ಇಳಿಯುತ್ತದೆ. ಸೂಜಿ ತೀರಾ ಸಣ್ಣದು ಒಳ್ಳೆಯದು ಅನ್ನಿಸುತ್ತದೆ, ಆದರೆ ಸಣ್ಣ ಸೂಜಿಯಲ್ಲಿ 100 ಎಂಎಲ್ ಹೋಗುವಷ್ಟರಲ್ಲಿ ಬೆಕ್ಕಿನ ತಾಳ್ಮೆ ಮುಗಿದಿರುತ್ತದೆ. ನಮ್ಮ ಡಾಕ್ಟರು 20 ನಂಬರ್ ಕೊಟ್ಟಿದ್ದರು. ಪ್ರತಿ ಸಲ ಹೊಸ ಸೂಜಿ, ಇದರಲ್ಲಿ ಜಿಪುಣತನ ಬೇಡ. ಬಾಟಲಿಯ ನೀರು ಸ್ವಲ್ಪ ಕದಡಿದ ಹಾಗೆ ಕಂಡರೂ ಎಸೆದುಬಿಡಿ.

ಅಮ್ಮನಿಗೆ ನೇತುಹಾಕಿದ್ದು ಕಷ್ಟ ಅನ್ನಿಸಿದರೆ ಬಟರ್‌ಫ್ಲೈ ಸೂಜಿ ಅಂತ ಸಿಗುತ್ತದೆ, ಉದ್ದ ಸಣ್ಣ ಪೈಪ್ ಇರುತ್ತದೆ, ಅದಕ್ಕೆ 50 ಎಂಎಲ್ ಸಿರಿಂಜ್ ಹಾಕಿ ನಿಧಾನಕ್ಕೆ ತಳ್ಳುವುದು. ಬೆಕ್ಕು ಅಲುಗಿದರೂ ಸೂಜಿ ಜಾರುವುದು ಕಡಿಮೆ. ಡಾಕ್ಟರ ಹತ್ತಿರ ಕೇಳಿ ನೋಡಿ.

ಆದಮೇಲೆ ಭುಜದ ಮೇಲೆ ಒಂಟೆ ಡುಬ್ಬ ಬರುತ್ತದೆ. ಒಮ್ಮೊಮ್ಮೆ ಅದು ಮುಂಗಾಲಿಗೆ ಇಳಿದು ಕಾಲು ಊದಿದ ಹಾಗೆ ಕಾಣುತ್ತದೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ರಾತ್ರಿ ನಿಮಗೆ ಫೋನ್ ಬರುವುದು ಗ್ಯಾರಂಟಿ. ಕೆಲವು ಗಂಟೆಗಳಲ್ಲಿ ಮೈ ಹೀರಿಕೊಳ್ಳುತ್ತದೆ.

ಮುಖ್ಯವಾದದ್ದು ಮರೆತೆ. ಮೆಡಿಕಲ್ ಶಾಪ್‌ನಲ್ಲಿ ಆರ್‌ಎಲ್ ಇಲ್ಲ ಅಂತ ಡಿಎನ್‌ಎಸ್ ಕೊಟ್ಟರೆ ತರಬೇಡಿ. ಅದರಲ್ಲಿ ಸಕ್ಕರೆ ಇರುತ್ತದೆ, ಚರ್ಮದ ಕೆಳಗೆ ಅದು ಒಳ್ಳೆಯದಲ್ಲ.

ಸುಮ್ನೆ_ಬಂದೆ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಬೆಕ್ಕಿಗೆ 13 ವರ್ಷ ಅಂದರೆ ಮುದುಕ. ಇಷ್ಟೆಲ್ಲಾ ಚುಚ್ಚಿ ಹಿಂಸೆ ಕೊಡುವ ಬದಲು ಸುಮ್ನೆ ಬಿಟ್ಟುಬಿಡುವುದು ವಾಸಿ ಅಲ್ವಾ. ನಮ್ಮ ಮಾವನಿಗೆ ಕಿಡ್ನಿ ಕಲ್ಲು ಆದಾಗ ಬಾಳೆದಿಂಡಿನ ರಸ ಕುಡಿದು ಸರಿ ಹೋಯಿತು. ನಿಮ್ಮ ತೋಟದಲ್ಲೇ ಬಾಳೆ ಇರುತ್ತದಲ್ಲ, ದಿನಾ ಎರಡು ಚಮಚ ಹಾಕಿ ನೋಡಿ. ಎಳನೀರೂ ಒಳ್ಳೆಯದು.

ದನದ_ಡಾಕ್ಟ್ರು

ಹೆಸರು ನೋಡಿ ನಗಬೇಡಿ, ನಾನೂ ದನ ನೋಡುವವನೇ, ಬೆಕ್ಕನ್ನೂ ನೋಡುತ್ತೇನೆ.

ಬಾಳೆದಿಂಡು ಮತ್ತು ಎಳನೀರು, ಎರಡೂ ಬೇಡ. ನಿಮ್ಮ ಮಾವನಿಗೆ ಇದ್ದದ್ದು ಕಲ್ಲು. ಈ ಬೆಕ್ಕಿಗೆ ಕಿಡ್ನಿಯೇ ಸವೆದಿದೆ, ಕರಗಿಸಲು ಅಲ್ಲಿ ಏನೂ ಇಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ. ಕಿಡ್ನಿ ಬೆಕ್ಕುಗಳಲ್ಲಿ ಅದು ಸಾಮಾನ್ಯವಾಗಿ ಕಡಿಮೆ ಆಗುತ್ತದೆ, ಆಗ ಕುತ್ತಿಗೆ ಎತ್ತಲಾಗದೆ ತಲೆ ಬಗ್ಗಿಸಿಕೊಂಡು ನಡೆಯುತ್ತವೆ. ಆದರೆ ಕಾಯಿಲೆ ಬಲಿತಾಗ ಜಾಸ್ತಿಯೂ ಆಗಬಹುದು, ಆಗ ಹೃದಯಕ್ಕೆ ಅಪಾಯ. ರಕ್ತ ನೋಡದೆ ಅಂದಾಜಿನಲ್ಲಿ ಕೊಡುವ ವಸ್ತು ಅಲ್ಲ ಅದು. ಇನ್ನು ಒಲ್ಲೆ ಅನ್ನುವ ಬೆಕ್ಕಿನ ಬಾಯಿಗೆ ರಸ ಹೊಯ್ದರೆ ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಇದೆ.

ಬಿಟ್ಟುಬಿಡಿ ಅಂದಿದ್ದಕ್ಕೆ ಒಂದು ಮಾತು. ಕಿಡ್ನಿ ಕೆಟ್ಟ ಬೆಕ್ಕನ್ನು ಸುಮ್ಮನೆ ಬಿಟ್ಟರೆ ಅದು ಸುಮ್ಮನೆ ಸಾಯುವುದಿಲ್ಲ. ಮೈಯಲ್ಲಿ ನೀರು ಬತ್ತಿ, ಹೊಟ್ಟೆ ತೊಳಸಿ, ಬಾಯಲ್ಲಿ ಹುಣ್ಣಾಗಿ, ತಿಂಗಳುಗಟ್ಟಲೆ ಒದ್ದಾಡುತ್ತದೆ. ಡ್ರಿಪ್ ಕೊಡುವುದು ಆಯುಸ್ಸು ಎಳೆಯಲು ಮಾತ್ರ ಅಲ್ಲ, ಈ ಒದ್ದಾಟ ಕಡಿಮೆ ಮಾಡಲು.

ಈಗ ಪ್ರಶ್ನೆ ಕೇಳಿದವರಿಗೆ. ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಎರಡನೇ ಹಂತ, 2.9ರಿಂದ 5ರವರೆಗೆ ಮೂರನೆಯದು, ಅದರ ಮೇಲೆ ನಾಲ್ಕು. ಆದರೆ ಮೈಯಲ್ಲಿ ನೀರು ಕಮ್ಮಿ ಇದ್ದ ದಿನ ರಕ್ತ ತೆಗೆದರೆ ಆ ಸಂಖ್ಯೆ ಮೇಲಕ್ಕೇ ಬರುತ್ತದೆ. ಮಾಣಿಗೆ ವಾಂತಿ ಆಗುತ್ತಿದ್ದಾಗ ತೆಗೆದದ್ದಲ್ವಾ? ಡ್ರಿಪ್ ಕೊಟ್ಟು ಕೆಲವು ವಾರ ಆದಮೇಲೆ ಇನ್ನೊಮ್ಮೆ ಮಾಡಿಸಿ, 3.4 ಇಳಿದರೂ ಇಳಿಯಬಹುದು. ಒಂದೇ ರಿಪೋರ್ಟ್ ನೋಡಿ ಎದೆಗುಂದಬೇಡಿ. ಮೂತ್ರವನ್ನೂ ಪರೀಕ್ಷೆ ಮಾಡಿಸಿ, ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡಲು. ಸೋರುತ್ತಿದ್ದರೆ ಅದಕ್ಕೆ ಬೇರೆ ಮಾತ್ರೆ ಇದೆ.

ನೀರು ಜಾಸ್ತಿ ಕುಡಿಯುತ್ತಾನೆ ಅಂತ ಯಾರಾದರೂ ಬಟ್ಟಲು ಎತ್ತಿಡುತ್ತಿದ್ದರೆ ನಿಲ್ಲಿಸಿ. ಕಿಡ್ನಿಗೆ ಮೂತ್ರ ಗಟ್ಟಿ ಮಾಡಲು ಆಗುತ್ತಿಲ್ಲ, ನೀರು ಸೋರಿ ಹೋಗುತ್ತಿದೆ, ಅದನ್ನು ತುಂಬಿಕೊಳ್ಳಲು ಅವನು ಕುಡಿಯುತ್ತಿದ್ದಾನೆ. ಬಚ್ಚಲು, ಅಂಗಳ, ಕೊಟ್ಟಿಗೆ ಎಲ್ಲ ಕಡೆ ಅಗಲವಾದ ಪಾತ್ರೆಯಲ್ಲಿ ನೀರಿಡಿ.

ಮೊಸರನ್ನದ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಬೇಡ. ಬೆಕ್ಕು ಹುಟ್ಟಾ ಮಾಂಸ ತಿನ್ನುವ ಪ್ರಾಣಿ. ಟಾರಿನ್ ಅನ್ನುವ ಅಂಶ ಅದಕ್ಕೆ ಆಹಾರದಿಂದಲೇ ಸಿಗಬೇಕು, ಅಕ್ಕಿಯಲ್ಲಿ ಅದು ಇಲ್ಲ. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಊದಿಕೊಳ್ಳುತ್ತದೆ. ಹೃದಯದ ವಿಷಯ ಖಚಿತವಾಗಿ ಗೊತ್ತಾಗಿದ್ದೇ 1987ರಲ್ಲಿ, ಆಮೇಲೆ ಕಂಪನಿಗಳು ಬೆಕ್ಕಿನ ಫುಡ್‌ಗೆ ಟಾರಿನ್ ಜಾಸ್ತಿ ಹಾಕತೊಡಗಿದವು. ಕಿಡ್ನಿ ಫುಡ್ ಅಂದರೆ ಪ್ರೋಟೀನ್ ಇಲ್ಲದ ಫುಡ್ ಅಲ್ಲ. ಒಳ್ಳೆಯ ಪ್ರೋಟೀನ್ ಅಳತೆಯಲ್ಲಿ, ರಂಜಕ ತುಂಬಾ ಕಡಿಮೆ, ಅಷ್ಟೇ. ಮೂರನೇ ಹಂತದಲ್ಲಿ ರಂಜಕ 5ರ ಒಳಗೆ ತರಬೇಕು ಅನ್ನುವುದು ಗುರಿ, ನಿಮ್ಮದು 6.1 ಇದೆ. ಹಾಲು ಮೊಸರಿನಲ್ಲಿ ರಂಜಕ ಧಾರಾಳವಾಗಿ ಇರುತ್ತದೆ. ಆ ಪುಡಿ ಇದೆಯಲ್ಲ, ಅದು ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕು. ಊಟದಲ್ಲಿರುವ ರಂಜಕವನ್ನು ಹಿಡಿದುಕೊಂಡು ಹೊರಗೆ ಹಾಕುವುದು ಅದರ ಕೆಲಸ. ಖಾಲಿ ಹೊಟ್ಟೆಗೆ ಕೊಟ್ಟರೆ ಉಪಯೋಗ ಇಲ್ಲ.

ಕೊನೆಗೆ ಒಂದು ಎಚ್ಚರಿಕೆ, ಇದು ಎಲ್ಲರಿಗೂ. ಬೆಕ್ಕು ಮಂಕಾಗಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲುತ್ತದೆ. ಕಿಡ್ನಿ ತೊಂದರೆ ಇರುವ ಬೆಕ್ಕಿಗೆ ಮನುಷ್ಯರ ಯಾವ ನೋವಿನ ಮಾತ್ರೆಯೂ ಬೇಡ.

ಕುಡ್ಲದ_ಮೀನಮ್ಮ

ಡಾಕ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಫುಡ್ ವಿಷಯದಲ್ಲಿ ಒಂದು ಸೇರಿಸುತ್ತೇನೆ, ಯಾಕೆಂದರೆ ಕಾಗದದ ಮೇಲೆ ಬರೆದದ್ದು ಬೆಕ್ಕಿಗೆ ಓದಲು ಬರುವುದಿಲ್ಲ.

ತಿನ್ನದ ಒಳ್ಳೆಯ ಫುಡ್‌ಗಿಂತ ತಿನ್ನುವ ಸಾಧಾರಣ ಫುಡ್ ಮೇಲು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ಗೆ ಕೊಬ್ಬು ತುಂಬಿ ಅದೇ ಇನ್ನೊಂದು ದೊಡ್ಡ ಕಾಯಿಲೆ ಆಗುತ್ತದೆ. ಹಸಿದರೆ ತಾನೇ ತಿನ್ನುತ್ತಾನೆ ಅನ್ನುವ ಹಟ ಬೆಕ್ಕಿನ ಹತ್ತಿರ ನಡೆಯಲ್ಲ. ಹಳೆಯ ಫುಡ್‌ನಲ್ಲಿ ಒಂದು ಚಮಚ ಹೊಸದು ಹಾಕಿ ಶುರು ಮಾಡಿ, ವಾರಗಟ್ಟಲೆ ಹಿಡಿಯಲಿ ಪರವಾಗಿಲ್ಲ. ವಾಂತಿ ಬರುತ್ತಿರುವ ದಿನಗಳಲ್ಲಿ ಹೊಸ ಫುಡ್ ತೋರಿಸಲೇಬೇಡಿ. ಹೊಟ್ಟೆ ತೊಳಸಿದ್ದಕ್ಕೂ ಆ ವಾಸನೆಗೂ ಗಂಟು ಹಾಕಿಕೊಂಡು ಜನ್ಮಪೂರ್ತಿ ಮುಟ್ಟಲ್ಲ. ಅದರೊಳಗೆ ಕಹಿ ಮಾತ್ರೆ ಅಡಗಿಸುವುದೂ ಬೇಡ, ಅದೇ ಕಾರಣಕ್ಕೆ.

ಒಣ ಕಾಳಿಗಿಂತ ಪೌಚ್‌ನಲ್ಲಿ ಬರುವ ಒದ್ದೆ ಫುಡ್ ಒಳ್ಳೆಯದು, ನೀರೂ ಹೋಗುತ್ತದೆ. ಪೌಚ್ ಅನ್ನು ಬಿಸಿ ನೀರಿನ ಲೋಟದಲ್ಲಿ ಇಟ್ಟು ಬೆಚ್ಚಗೆ ಮಾಡಿ, ಬೆಕ್ಕು ಮೂಗಿನಿಂದ ಊಟ ಮಾಡುವ ಪ್ರಾಣಿ. ಮೊಟ್ಟೆ ನಿಮ್ಮ ಮನೆಗೆ ನಡೆಯುತ್ತದಾ? ಬೇಯಿಸಿದ ಬಿಳಿ ಭಾಗದಲ್ಲಿ ರಂಜಕ ತೀರಾ ಕಡಿಮೆ, ರುಚಿಗೆ ಸ್ವಲ್ಪ ಪುಡಿ ಮಾಡಿ ಉದುರಿಸಬಹುದು. ಹಳದಿ ಬೇಡ.

ನಮ್ಮ ಕಡೆ ಬೆಕ್ಕಿಗೆ ಬೂತಾಯಿ ತಲೆ, ಒಣ ಸಿಗಡಿ ಹಾಕದ ಮನೆ ಇಲ್ಲ. ಕಿಡ್ನಿ ಬೆಕ್ಕಿಗೆ ಅವೆರಡೂ ಬಂದ್. ಮುಳ್ಳು, ತಲೆ ಅಂದರೆ ರಂಜಕ, ಒಣಮೀನು ಅಂದರೆ ಉಪ್ಪು. ನಮ್ಮ ಬೆಕ್ಕಿಗೆ ಇದನ್ನು ಒಪ್ಪಿಸುವುದು ಸುಲಭ ಆಯಿತು, ಪಕ್ಕದ ಮನೆ ಬಾಯಮ್ಮನಿಗೆ ಒಪ್ಪಿಸುವುದೇ ಕಷ್ಟ. ಹೇಳಿದ ಮೇಲೂ ಕದ್ದು ಹಾಕುತ್ತಿದ್ದರು!

ಘಟ್ಟದ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. "ನರಕ್ಕೆ ಅಲ್ವಾ? ಮೊದಲೇ ಹೇಳಬಾರದಿತ್ತಾ" ಅಂದರು. ಹುಬ್ಬಳ್ಳಿ ಡಾಕ್ಟರು ವಿಡಿಯೋ ಕಾಲ್‌ನಲ್ಲಿ ನಿಂತು ಮಾಡಿಸಿದರು. ಅಪ್ಪ ಈಗ ತೋಟಕ್ಕೆ ಓಡುತ್ತಿಲ್ಲ, ಮಾಣಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಅಡಿಕೆ ರೇಟಿನ ಸುದ್ದಿ ಹೇಳುತ್ತಾರೆ, ಬೆನ್ನ ಹಿಂದೆ ಅಮ್ಮ ಸೂಜಿ ಹಾಕುತ್ತಾರೆ. ಬಾಟಲಿ ನೇತು ಹಾಕಿದ್ದು ತೊಟ್ಟಿಲಿನ ಕೊಕ್ಕೆಗೆ.

ಪೌಚ್ ವಿಷಯದಲ್ಲಿ ಅಮ್ಮ ದೊಡ್ಡ ಮನಸ್ಸು ಮಾಡಿದ್ದಾರೆ. ಅಡುಗೆ ಮನೆಗೆ ಬರುವ ಹಾಗಿಲ್ಲ, ಹಿತ್ತಲ ಕಟ್ಟೆ ಮೇಲೆ, ಅವನ ತಟ್ಟೆ ಚಮಚ ಬೇರೆ, ಕತ್ತರಿಸುವಾಗ ಮೂಗಿಗೆ ಸೆರಗು. ಮೊಟ್ಟೆ ಮಾತ್ರ ಕೇಳಬೇಡ ಅಂದಿದ್ದಾರೆ, ಕೇಳಲ್ಲ.

ವಾಂತಿ ನಿಂತಿದೆ. ಆದರೆ ಊಟ ಇನ್ನೂ ಅಷ್ಟಕ್ಕಷ್ಟೇ. ತಟ್ಟೆ ಹತ್ತಿರ ಬರುತ್ತಾನೆ, ಕೂರುತ್ತಾನೆ, ತುಟಿ ನೆಕ್ಕಿಕೊಳ್ಳುತ್ತಾನೆ, ಎದ್ದು ಹೋಗುತ್ತಾನೆ. ಇದು ಸೊಕ್ಕಾ ಹಸಿವಿಲ್ಲದ್ದಾ? ಇನ್ನೊಂದು, ಕಣ್ಣಿನ ಪಾಪೆ ಹಗಲಲ್ಲೂ ದೊಡ್ಡದಾಗಿ ಕಾಣುತ್ತದೆ ಅಂತ ಅಪ್ಪ ಹೇಳುತ್ತಿದ್ದಾರೆ.

ಡಲ್ಲಾಸ್_ರಾಯ

ಕಣ್ಣಿನ ವಿಷಯ ಓದಿ ಬರೆಯುತ್ತಿದ್ದೇನೆ. ದಯವಿಟ್ಟು ತಡ ಮಾಡಬೇಡಿ, ಬಿಪಿ ನೋಡಿಸಿ. ಕಿಡ್ನಿ ಬೆಕ್ಕುಗಳಿಗೆ ಬಿಪಿ ಏರುವುದು ತೀರಾ ಸಾಮಾನ್ಯ, ತುಂಬಾ ಏರಿದರೆ ಕಣ್ಣಿನ ಹಿಂದಿನ ಪರದೆ ಕಿತ್ತುಬಂದು ರಾತ್ರೋರಾತ್ರಿ ಕುರುಡಾಗುತ್ತವೆ. ನಮ್ಮ ಬೆಕ್ಕು ಗೋಡೆಗೆ ಹಾಯುವುದನ್ನು ನೋಡಿ ನಮಗೆ ಗೊತ್ತಾಗಿದ್ದು. ಮನುಷ್ಯರು ನುಂಗುವ ಆಮ್ಲೋಡಿಪಿನ್ ಮಾತ್ರೆಯನ್ನೇ ಚೂರು ಮಾಡಿ ಕೊಡುತ್ತಾರೆ, ದುಬಾರಿ ಅಲ್ಲ. ಚೂರು ಎಷ್ಟು ಅಂತ ಡಾಕ್ಟರೇ ಹೇಳಬೇಕು.

ತುಟಿ ನೆಕ್ಕಿಕೊಂಡು ಎದ್ದು ಹೋಗುವುದು ಸೊಕ್ಕಲ್ಲ. ಅದು ಹೊಟ್ಟೆ ತೊಳಸುವ ಲಕ್ಷಣ. ಹಸಿವಿದೆ, ಬಾಯಿ ಹತ್ತಿರ ತಂದರೆ ವಾಕರಿಕೆ. ಮೊದಲು ವಾಕರಿಕೆಗೆ ಔಷಧಿ, ಆಮೇಲೆ ಹಸಿವಿಗೆ. ಹಸಿವಿಗೆ ಮಿರ್ಟಾಜಪಿನ್ ಕೊಡುತ್ತಾರೆ, ಮನುಷ್ಯರಿಗೆ ಖಿನ್ನತೆಗೆ ಕೊಡುವ ಮಾತ್ರೆ ಅದು. ಇಲ್ಲಿ ಅಮೆರಿಕದಲ್ಲಿ 2018ರಿಂದ ಅದನ್ನು ಕಿವಿಗೆ ಸವರುವ ಮುಲಾಮಾಗಿ ಮಾರುತ್ತಾರೆ. ನಿಮ್ಮಲ್ಲಿ ಮಾತ್ರೆಯ ಚೂರೇ ಆಗಬೇಕೇನೋ. ಜಾಸ್ತಿಯಾದರೆ ಬೆಕ್ಕು ರಾತ್ರಿಯಿಡೀ ಕೂಗುತ್ತಾ ಓಡಾಡುತ್ತದೆ, ಅಮ್ಮನಿಗೆ ಹೇಳಿಡಿ.

ಒಂದು ಹೇಳಲೋ ಬೇಡವೋ ಅಂತ ಯೋಚಿಸಿದೆ. ಮುಂದೊಂದು ದಿನ ಸಾಕು ಅನ್ನಬೇಕಾಗುತ್ತದೆ. ಆ ಮಾತನ್ನು ಈಗಲೇ, ಅವನು ಚೆನ್ನಾಗಿರುವಾಗಲೇ, ಅಪ್ಪನ ಹತ್ತಿರ ಆಡಿಡಿ. ನಾವು ಕೊನೆಗೆ ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಿಂತು ಜಗಳ ಆಡಿದೆವು, ನಾನು ಮತ್ತು ನನ್ನ ಹೆಂಡತಿ, ಬೆಕ್ಕಿನ ಎದುರಿಗೇ. ಮೈ ನೆಕ್ಕಿಕೊಳ್ಳುವುದು ನಿಲ್ಲಿಸಿದನಾ, ಇಷ್ಟದ ಜಾಗಕ್ಕೆ ಹೋಗುತ್ತಾನಾ, ಕರೆದರೆ ಬರುತ್ತಾನಾ, ಇವನ್ನು ಬರೆದಿಡುತ್ತಾ ಬಂದರೆ ಆಮೇಲೆ ಮನಸ್ಸಿಗೆ ಸ್ವಲ್ಪ ಸುಲಭ.

ಸುಮ್ನೆ_ಬಂದೆ

ಡಾಕ್ಟ್ರೇ, ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಬೆಕ್ಕೂ ಈಚೆಗೆ ನೀರು ಜಾಸ್ತಿ ಕುಡಿಯುತ್ತಿದೆ, 9 ವರ್ಷ. ಏನು ಟೆಸ್ಟ್ ಮಾಡಿಸಲಿ?

ದನದ_ಡಾಕ್ಟ್ರು

ಕ್ರಿಯಾಟಿನಿನ್, ರಂಜಕ, ಪೊಟ್ಯಾಸಿಯಂ, ಜೊತೆಗೆ ಸಕ್ಕರೆ. ನೀರು ಜಾಸ್ತಿ ಕುಡಿಯುವುದೆಲ್ಲ ಕಿಡ್ನಿಯೇ ಆಗಬೇಕಿಲ್ಲ, ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಮೂತ್ರದ ಸಾಂದ್ರತೆಯನ್ನೂ ನೋಡಲು ಹೇಳಿ. ಕಿಡ್ನಿಯ ಬಹುಪಾಲು ಕೆಲಸ ನಿಂತ ಮೇಲೆಯೇ ಕ್ರಿಯಾಟಿನಿನ್ ಏರುವುದು, ಮೂತ್ರ ತೆಳುವಾಗುವುದು ಅದಕ್ಕಿಂತ ಮೊದಲೇ ಕಾಣಬಹುದು. ಎಸ್‌ಡಿಎಂಎ ಅಂತ ಒಂದು ಪರೀಕ್ಷೆ ಇದೆ, ಅದೂ ಬೇಗ ತೋರಿಸುತ್ತದೆ, ಆದರೆ ಎಲ್ಲ ಲ್ಯಾಬ್‌ನಲ್ಲಿ ಇಲ್ಲ.

ಘಟ್ಟದ ಹುಡುಗಿಗೆ: ಪಾಪೆ ದೊಡ್ಡದಾಗಿರುವುದು ನಿಜವಾದರೆ ರಾಯರು ಹೇಳಿದಂತೆ ಇವತ್ತೇ ಫೋನ್ ಮಾಡಿ. ಮುಖಕ್ಕೆ ಟಾರ್ಚ್ ಬಿಟ್ಟಾಗ ಪಾಪೆ ಚಿಕ್ಕದಾಗುತ್ತದಾ ಅಂತ ಅಪ್ಪನಿಗೆ ನೋಡಲು ಹೇಳಿ. ಆಗದಿದ್ದರೆ ನಾಳೆಗೆ ಬಿಡಬೇಡಿ.

ಬೆಂಗಳೂರಿಗೆ ತರುವುದು ನನ್ನ ಪ್ರಕಾರ ಬೇಡ. ನೀವು ಆಫೀಸಿಗೆ ಹೋದರೆ ಅವನು ಹಗಲೆಲ್ಲ ಗೊತ್ತಿಲ್ಲದ ರೂಮಿನಲ್ಲಿ ಒಬ್ಬನೇ. ಜಾಗ ಬದಲಾದರೆ ಚೆನ್ನಾಗಿರುವ ಬೆಕ್ಕೇ ಊಟ ಬಿಡುತ್ತದೆ, ಇವನಿಗೆ ಈಗ ಊಟ ಬಿಡಲು ಪುರುಸೊತ್ತಿಲ್ಲ. ಡ್ರಿಪ್ ಕೊಡುವ ಕೈ ಊರಲ್ಲಿದೆ, ತೊಡೆಯೂ ಇದೆ. ನಿಮ್ಮ ಕೆಲಸ ಫುಡ್ ಮತ್ತು ಸೂಜಿ ಕೊರಿಯರ್ ಮಾಡುವುದು, ರಿಪೋರ್ಟ್‌ಗಳನ್ನು ಒಂದು ಕಡೆ ಜೋಡಿಸಿಡುವುದು, ರಜೆ ಸಿಕ್ಕಾಗ ತೂಕ ನೋಡುವುದು. ಅಡಿಕೆ ತೂಗುವ ತಕ್ಕಡಿ ಬೇಡ, ಮಕ್ಕಳ ತೂಕದ ಯಂತ್ರ ತನ್ನಿ, ನೂರು ಗ್ರಾಂ ವ್ಯತ್ಯಾಸವೂ ಮೂರೂವರೆ ಕೇಜಿ ಬೆಕ್ಕಿಗೆ ದೊಡ್ಡದು. ಅವನು ಮಲಗಿ ನಿದ್ದೆ ಮಾಡುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಅಂತಲೂ ಅಮ್ಮ ಎಣಿಸಲಿ. 30 ದಾಟಿದರೆ ಅವತ್ತು ಡ್ರಿಪ್ ಕೊಡದೆ ಡಾಕ್ಟರಿಗೆ ಫೋನ್ ಮಾಡಿ, ಹೃದಯಕ್ಕೆ ನೀರು ಜಾಸ್ತಿ ಆಗುತ್ತಿರಬಹುದು.

ಬಿಪಿಗೆ ಹೋಗುವ ಮೊದಲು ಬೆಕ್ಕಿಗೆ ಬಿಪಿ ನೋಡುವ ಮಷೀನು ಅವರ ಹತ್ತಿರ ಇದೆಯಾ ಅಂತ ಕೇಳಿ, ಎಲ್ಲ ಕ್ಲಿನಿಕ್‌ನಲ್ಲಿ ಇರುವುದಿಲ್ಲ. ಹೋದ ತಕ್ಷಣ ಅಳೆಯಲು ಬಿಡಬೇಡಿ. ಬಸ್ಸಿನಲ್ಲೋ ಕಾರಿನಲ್ಲೋ ಹೆದರಿ ಬಂದ ಬೆಕ್ಕಿಗೆ ಬಿಪಿ ಏರಿಯೇ ಇರುತ್ತದೆ. ಬುಟ್ಟಿಗೆ ಅಪ್ಪನ ಪಂಚೆ ಹಾಕಿ, ನಾಯಿಗಳಿಲ್ಲದ ಮೂಲೆಯಲ್ಲಿ ಹತ್ತು ನಿಮಿಷ ಕೂತು, ಆಮೇಲೆ ಕೆಲವು ಸಲ ಅಳೆದು ಸರಾಸರಿ ತೆಗೆಯಲು ಹೇಳಿ. 160 ದಾಟಿದ್ದರೆ ಮಾತ್ರೆ ವಿಷಯ ಅಲ್ಲೇ ಕೇಳಿಕೊಂಡು ಬನ್ನಿ.